ರಟ್ಟಿನ ಒಳಗಡೆ

ಮೂರು ಗಂಟೆಗೇ ಕತ್ತಲು. ಡಿಸೆಂಬರಿನಲ್ಲಿ ಯೆಲ್ ದ್ವೀಪಕ್ಕೆ
ಹಗಲೆನ್ನುವುದು ಕೈಸಾಲ;
ಕೊಟ್ಟವರು ಬಾಗಿಲಲ್ಲೇ ನಿಂತು ವಾಪಸು ಕೇಳುತ್ತಾರೆ.
ಅಲ್‌ಸ್ಟಾದಲ್ಲಿ ದೋಣಿಯಿಂದ ವ್ಯಾನಿಳಿಸಿ
ಗಾಳಿಗೆ ಮೂತಿ ಕೊಟ್ಟು ನಿಲ್ಲಿಸುತ್ತೇನೆ
(ಪಕ್ಕೆ ಕೊಟ್ಟರೆ ಮಗುಚುತ್ತದೆ. ಒಮ್ಮೆ ಮಗುಚಿದೆ,
ಅಡುಗೆ ಪುಸ್ತಕಗಳೆಲ್ಲ ಹಳ್ಳಕ್ಕೆ).
ಹಿಂಬಾಗಿಲು ತೆಗೆದು ದೀಪ ಹಾಕುತ್ತೇನೆ.
ಹನ್ನೊಂದು ವರ್ಷದಿಂದ ಇದೇ ಕೆಲಸ.

ಮುದುಕಿಯರು ಮೊದಲು: ಹೆಣಿಗೆ, ಪ್ರೇಮ, ದಪ್ಪಕ್ಷರ.
ಆಮೇಲೆ ಶಾಲೆಯ ಬಸ್ಸಿಳಿದವರು,
ಒದ್ದೆ ಬೂಟು, ಚಿಪ್ಸಿನ ವಾಸನೆ,
ಎಲ್ಲರೂ ಒಂದೇ ಕಪಾಟಿಗೆ.
ಕಪ್ಪು ರಟ್ಟು, ಕೆಂಪು ಅಕ್ಷರ,
ಮುಖವಿಲ್ಲದ ಹುಡುಗಿ, ಅರ್ಧ ತೆರೆದ ಬಾಗಿಲು.

ಬೀಗವನ್ನೇ ಹಾಕದ ಊರು ಇದು.
ಕಾರಿನಲ್ಲೇ ಕೀಲಿ ಬಿಟ್ಟು ಮಲಗುವವರ ಮಕ್ಕಳು
ಬೀಗ ಜಡಿದ ನೆಲಮಾಳಿಗೆಗಳನ್ನು
ಎರಡೆರಡು ಎತ್ತಿಕೊಂಡು ಹೋಗುತ್ತಾರೆ.

"ಇಂಥದ್ದೇ ಯಾಕೆ ಓದುತ್ತೀಯೆ?" ಅಂದೆ ಓಸ್ಲಾಳಿಗೆ.
ಹದಿನಾರು. ತೋಳು ಇಳಿಬಿದ್ದ ಅಣ್ಣನ ಸ್ವೆಟರು.
"ಇಲ್ಲಿ ನಾನು ಸೀನಿದರೆ ಕಲ್ಲಿವೋದಲ್ಲಿ ಕಷಾಯ ಕುದಿಯುತ್ತದೆ.
ಪುಸ್ತಕದಲ್ಲಾದರೂ ಒಬ್ಬರಿಗೆ ಒಂದು ಗುಟ್ಟಿರುತ್ತದಲ್ಲ"
ಅಂದು ನಕ್ಕಳು. ನಂಬಿದೆ.
ಅರ್ಧ ಮಾತ್ರ ಹೇಳುವ ಕಥೆಗಾರ್ತಿಯರನ್ನು ಓದಿ ಓದಿ
ಅವಳಿಗೂ ಕೈ ಪಳಗಿತ್ತು.

ಒಂದು ಸಂಜೆ, ಹರಿದ ಬೆನ್ನಿಗೆ ಅಂಟು ಹಚ್ಚುವಾಗ ಕಂಡೆ,
ಹಿಂದಿನ ರಟ್ಟಿನ ಒಳಗಡೆ ಪೆನ್ಸಿಲಿನ ಇರುವೆಸಾಲು:
ಪುಟ ೪೦, ಮಲತಂದೆ.
೮೮, ಟೀಚರ್ ಅನ್ನಿಸಿತು, ಅಲ್ಲ.
೧೩೧, ತಂಗಿ!! ನನಗೆ ಗೊತ್ತಿತ್ತು.
ಸುಳ್ಳು. ನಿನಗೆ ಗೊತ್ತಿರಲಿಲ್ಲ.
ಯಾರು ಯಾವ ಪುಟದಲ್ಲಿ ಯಾರನ್ನು ಶಂಕಿಸಿದರೆಂದು
ಅನ್‌ಸ್ಟ್‌ನಿಂದ ಫೆಟ್ಲಾರ್‌ವರೆಗೆ ಮಕ್ಕಳದೇ ಕಡತ.
ಗುಟ್ಟು ರಟ್ಟಾಗುವುದು ಅಂದರೆ ಇದೇ ಇರಬೇಕು.
ಅಳಿಸಬೇಕಿತ್ತು. ನಿಯಮ ಇದೆ, ಜೇಬಿನಲ್ಲಿ ರಬ್ಬರೂ ಇದೆ.

ಎಲ್ಲದರ ಕೆಳಗೆ, ಸಣ್ಣಗೆ, ನೆಟ್ಟಗೆ:
ಪುಟ ೧ರಿಂದಲೂ, ನಾನೇ.

ಆ ಬರಹ ನನಗೆ ಗೊತ್ತು.

ಎರಡು ವರ್ಷದ ಹಿಂದೆ ಅವಳಣ್ಣ ಮ್ಯಾನ್ಸಿ
ಸಮುದ್ರ ನೋಡಿ ಬರುತ್ತೇನೆಂದು ಹೋದ.
ಇಡೀ ದ್ವೀಪ ಬ್ರೆಡ್ಡು ತಂದಿತು, ಸೂಪು ತಂದಿತು,
ಅವರ ಕುರಿಗಳಿಗೆ ಮೇವು ಹಾಕಿತು.
ಪ್ರಶ್ನೆಯೊಂದನ್ನು ಮಾತ್ರ ಯಾರೂ ತರಲಿಲ್ಲ.
ಅಲೆ ಅಂದರು. ಅಲೆ ಅಂದಮೇಲೆ ಮುಗಿಯಿತು.
ನಾನೂ ಹೋಗಿದ್ದೆ, ಶುಂಠಿ ಕೇಕು ಹಿಡಿದು.

ಪುಸ್ತಕದಲ್ಲಿ ಹಾಗಲ್ಲ. ಅಲ್ಲಿ ಯಾರೋ ಒದ್ದೆ ಕೋಟಿನಲ್ಲಿ ಬಂದು
ಕುರ್ಚಿ ಎಳೆದು ಕೂತು ಕೇಳುತ್ತಾರೆ:
ಆ ರಾತ್ರಿ ನೀನೆಲ್ಲಿದ್ದೆ? ಕೊನೆಗೆ ಏನು ಮಾತಾಯಿತು?
ಬಾಗಿಲಿನ ಸದ್ದು ಕೇಳಿಯೂ ಏಳಲಿಲ್ಲವೇ?
ಕೇಳುತ್ತಾರೆ, ಮುನ್ನೂರು ಪುಟ, ಬಿಡದೆ.

ಕುಂಬಳವೇ ಬೆಳೆಯದ ಈ ಮಣ್ಣಿನಲ್ಲಿ
ಕಳ್ಳ ಅಂದದ್ದೇ ತಡ ಹೆಗಲು ಮುಟ್ಟಿಕೊಳ್ಳಲು,
ಬೂದಿ ಮೆತ್ತಿದೆಯೋ ಇಲ್ಲವೋ ಒಮ್ಮೆ ನೋಡಿಕೊಳ್ಳಲು,
ಇಷ್ಟು ಕತ್ತಲೆ ಬೇಕಾಗಿತ್ತೇನೋ ಹುಡುಗಿಗೆ.
ಹಗಲಿನಲ್ಲಿ ಎಲ್ಲರೂ ಕೇಕು ತರುತ್ತಾರೆ.

ಮುಂದಿನ ಮಂಗಳವಾರ ಬಂದಳು. ಎರಡು ಕೊಟ್ಟಳು, ಎರಡು ಆರಿಸಿದಳು.
ಮೊಹರು ಒತ್ತದೆ ಕೈಯಲ್ಲೇ ಹಿಡಿದುಕೊಂಡೆ.
ಮೆಟ್ಟಿಲಮಣೆ ಎಳೆದು ಕೂತೆ, ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಸುರಿದೆ,
"ಆ ರಾತ್ರಿ" ಅಂದೆ. ಮುಂದಿನದು ಗಂಟಲಿನಲ್ಲೇ ಉಳಿಯಿತು.

ಬಹಳ ಹೊತ್ತು ಕಪಾಟನ್ನೇ ನೋಡಿದಳು.
"ನಿಮ್ಮ ಕಡೇ ದೋಣಿ ಎಷ್ಟಕ್ಕೆ?"
"ಇನ್ನೂ ಹೊತ್ತಿದೆ" ಅಂದೆ. ಇರಲಿಲ್ಲ.

ಅವಳು ಸ್ವೆಟರಿನ ತೋಳು ಮಡಿಸತೊಡಗಿದಳು,
ಒಂದು ಸುತ್ತು, ಇನ್ನೊಂದು ಸುತ್ತು.
ಕಟ್ಟೆಯಲ್ಲಿ ದೋಣಿ ಕೂಗಿದ್ದು ಇಬ್ಬರಿಗೂ ಕೇಳಿಸಿತು.
ಯಾರೂ ಏಳಲಿಲ್ಲ.