ಮೂಗಿನ ಅಕ್ಷರ

ನನ್ನ ಹೆಸರು ಙಾ.
ಅಷ್ಟೇ. ಮೂಗಲ್ಲಿ ಹುಟ್ಟಿ ಬಾಯಲ್ಲಿ ಮುಗಿಯುತ್ತದೆ.
ವಿಯೆಟ್ನಾಮಿನ ನಮ್ಮ ಬೀದಿಯಲ್ಲಿ
ಹಲ್ಲು ಬಾರದ ಕೂಸೂ ಅದನ್ನು ತಪ್ಪಿಲ್ಲದೆ ಕೂಗುತ್ತದೆ.
ಇಲ್ಲಿ, ಇಶಿನೊಮಾಕಿಯ ಸಿಂಪಿ ಸುಲಿಯುವ ಶೆಡ್ಡಿನಲ್ಲಿ,
ನನ್ನ ರಬ್ಬರ್ ಬೂಟಿನ ಮೇಲೆ, ಹಾಜರಿ ಪಟ್ಟಿಯ ಮೇಲೆ
ನಾನು ‘ಗಾ’.

‘ಗ’ ಅಂದರೆ ಇವರಲ್ಲಿ ಒಂದು ಪ್ರತ್ಯಯ.
ಯಾರದೋ ಬೆನ್ನಿಗೆ ಅಂಟಿಕೊಂಡು ಬರುತ್ತದೆ,
ತನ್ನದೇ ಅರ್ಥ ಅಂತ ಒಂದಿಲ್ಲ.
ಅದಕ್ಕೊಬ್ಬಳು ಸವತಿ: ‘ವ’.
ಪುಸ್ತಕ ಹೇಳುತ್ತದೆ:
ಆಗಲೇ ಗೊತ್ತಿರುವುದಕ್ಕೆ ವ,
ಈಗಷ್ಟೇ ಎದುರಾದದ್ದಕ್ಕೆ ಗ.
ಹತ್ತು ಸಲ ಓದಿದೆ. ಹನ್ನೊಂದನೇ ಸಲ ತಪ್ಪು ಬರೆದೆ.

ಬೆಳಗಿನ ಜಾವ ಮೂರೂವರೆಗೆ ದೀಪ ಹೊತ್ತುತ್ತವೆ.
ಸಂದಿಗೆ ಚೂರಿ ತೂರಿಸು, ಮಣಿಕಟ್ಟು ತಿರುವು, ಬಟ್ಟಲಿಗೆ ಎಸೆ.
ಕಣ್ಣೆದುರಿನ ಮೊಳೆಗೆ ನೇತುಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ
ಇವತ್ತಿನ ಇಪ್ಪತ್ತು ಶಬ್ದ.
ವಿಮೆ. ಸಹನೆ. ಮುಂದೂಡು. ಬೇಕಂತಲೇ.
ಉಪ್ಪುನೀರು ಒಳಹೊಕ್ಕು ‘ಸಹನೆ’ಯ ಒಂದು ಕಾಲು ಕರಗಿದೆ.
ಸಮುದ್ರ ಸುಲಭ: ಮೂರು ಹನಿ ನೀರು,
ಪಕ್ಕದಲ್ಲಿ ‘ಪ್ರತಿ’.
ಪ್ರತಿದಿನದ ಪ್ರತಿ. ಅದನ್ನು ಯಾರೂ ಕಲಿಸಬೇಕಾಗಿರಲಿಲ್ಲ.

ರಾತ್ರಿ ಕಿವಿಯೊಳಗೆ ಒಬ್ಬ ಗಂಡಸು, ಒಬ್ಬ ಹೆಂಗಸು
ಮಾತಾಡುತ್ತಲೇ ಇರುತ್ತಾರೆ.
ಸಭೆ ಯಾವ ಕೋಣೆಯಲ್ಲಿ, ಛತ್ರಿ ಯಾರದು,
ಆ ಗಂಡಸು ಈಗ ಮೊದಲು ಏನು ಮಾಡಬೇಕು?
ಎಷ್ಟು ಮರ್ಯಾದೆ! ಒಬ್ಬರೂ ಕೆಮ್ಮುವುದಿಲ್ಲ.
‘ಏಯ್, ಬುಟ್ಟಿ ಎಳಿ ಈ ಕಡೆ’ ಅನ್ನುವವರಿಲ್ಲ.
ಆ ಊರು ಎಲ್ಲಿದೆಯೋ, ಬಾಡಿಗೆ ಎಷ್ಟೋ.

ನನ್ನ ಪಕ್ಕದ ಸ್ಟೂಲು ಕಿನುಯೊ ಅಜ್ಜಿಯದು.
ಎಪ್ಪತ್ತೊಂಬತ್ತು. ನಾನು ಒಂದು ಸುಲಿಯುವಷ್ಟರಲ್ಲಿ ಮೂರು.
ಅವಳ ಮಾತಿನಲ್ಲಿ ಅರ್ಧ ಯಾವ ಪುಸ್ತಕದಲ್ಲೂ ಇಲ್ಲ.
ಆದರೆ ಬಂದ ಮೊದಲ ದಿನವೇ ಕರೆದಳು: ಙಾ.
ಬೆಚ್ಚಿಬಿದ್ದೆ. ಕಷ್ಟಪಟ್ಟು ಕಲಿತದ್ದಲ್ಲ ಅವಳು,
ಈ ಕರಾವಳಿಯ ಹಳೇ ಬಾಯಿಗಳಲ್ಲಿ
ಮಾತಿನ ನಡುವಿನ ಗ ಮೂಗಿಗೆ ಏರುತ್ತದೆ.
ಮಳೆ ಙಾ ಬಂತು. ಸೊಂಟ ಙಾ ನೋಯ್ತಿದೆ.
ಮೊಮ್ಮಗ ಙಾ ಫೋನು ಮಾಡಿದ್ದ.
ದಿನಕ್ಕೆ ಇನ್ನೂರು ಸಲ ತಿರುಗಿ ನೋಡುತ್ತೇನೆ.

ಒಮ್ಮೆ ಅಂದಳು, ಚೂರಿ ನಿಲ್ಲಿಸದೆ:
ಅಲೆ ಙಾ ಬಂತು.
ಗೊತ್ತಿರುವುದಲ್ಲವೇ ಅಜ್ಜಿ, ಇಡೀ ಊರಿಗೆ?
ಎಷ್ಟು ವರ್ಷವಾಯಿತು, ಅಲ್ಲಿ ವ ಬರಬೇಕಲ್ಲವೇ?
ಕೇಳಲಿಲ್ಲ.
ಅವಳು ಮುಂದಿನ ಸಿಂಪಿಗೆ ಕೈ ಹಾಕಿದಳು.

ಡಿಸೆಂಬರಿನ ಮೊದಲ ಭಾನುವಾರ, ಸಿಂಪಿಗೆ ಸುಗ್ಗಿಯ ಕಾಲ.
ರಜೆ ಕೇಳುವ ವಿನಯದ ವಾಕ್ಯವನ್ನು
ಮೂರು ರಾತ್ರಿ ಉರು ಹೊಡೆದೆ.
ಯಜಮಾನರು ಪೂರ್ತಿ ಕೇಳಿಸಿಕೊಂಡು
ಶನಿವಾರ ಎರಡು ಬುಟ್ಟಿ ಹೆಚ್ಚು ಅಂದರು.

ಸೆಂದಾಯಿ. ದೊಡ್ಡ ಕೋಣೆ, ಫೋನು ಲಕೋಟೆಯೊಳಗೆ.
ಸೋಪು ಹಚ್ಚಿ ತೊಳೆದರೂ ಪೆನ್ಸಿಲಿಗೆ ಸಿಂಪಿಯ ವಾಸನೆ.
ಹದಿನಾಲ್ಕನೇ ಪ್ರಶ್ನೆ, ನಡುವೆ ಒಂದು ಖಾಲಿ ಜಾಗ.
ಬಾಯಿ ಮುಚ್ಚಿಕೊಂಡೇ
ಅವಳ ಥರ ಒಮ್ಮೆ ಅಂದು ನೋಡಿದೆ.
ಮುಂದಿನ ಸಾಲಿನ ನೇಪಾಳಿ ಹುಡುಗ ತಿರುಗಿದ.
ಮೇಲ್ವಿಚಾರಕಿ ಹಳದಿ ಚೀಟಿ ಎತ್ತುತ್ತ ಬಂದಳು
ನನ್ನ ಕಡೆಗೇ.
ಅಷ್ಟರಲ್ಲಿ ಎರಡನೇ ಸೊನ್ನೆ ತುಂಬಿಸಿಯಾಗಿತ್ತು.