ಸೆನಿಸೊ ಹೂಬಿಟ್ಟ ಮಂಗಳವಾರ

ಸಾಲ್ತಿಯೊ ಪಟ್ಟಣದ ಮೇಲುಗೇರಿಗೆ
ಮಂಗಳವಾರಕ್ಕೊಮ್ಮೆ ನನ್ನ ಟ್ಯಾಂಕರು.
ಎರ್ಮೆಲಿಂದಾ ಎರಡು ಡ್ರಮ್ಮು ತುಂಬಿಸಿಕೊಂಡು
ಚಿಲ್ಲರೆ ಎಣಿಸುತ್ತಾಳೆ, ಎರಡೆರಡು ಸಲ.

ಬೇಲಿಯುದ್ದಕ್ಕೂ ಬೂದಿಬಣ್ಣದ ಗಿಡಗಳು,
ಒಲೆಯೊಳಗಿಂದ ಎದ್ದು ಬಂದು ನಿಂತ ಹಾಗೆ.
ಅಯ್ಯೋ ಪಾಪ ಅಂತ ಪೈಪು ಅತ್ತ ತಿರುಗಿಸಿದರೆ
ಕೈಮೇಲೆ ಪಟ್ಟನೆ ಹೊಡೆದಳು:
"ಸೆನಿಸೊ ಅದು. ಮೊದಲ ವರ್ಷ
ಪಾತ್ರೆ ತೊಳೆದ ನೀರು ಕೊಟ್ಟೆ, ಅಷ್ಟೇ.
ಮುದ್ದು ಮಾಡಿದರೆ ಬೇರು ಕೊಳೆಯುತ್ತೆ."

ನೀರು ಮಾರುವವನಿಗೆ
ನೀರೊಲ್ಲದ ಗಿಡದ ಮೇಲೆ ಎಂಥ ಅಕ್ಕರೆ?
ಹಾರ್ನು ಹಾಕಿ ಹೊರಟೆ.

ಆಗಸ್ಟಿನ ಒಂದು ಮಂಗಳವಾರ,
ಆಕಾಶ ಇನ್ನೂ ಬರಿದಾದ ತಟ್ಟೆ,
ಬೇಲಿ ಪೂರಾ ನೇರಳೆ!
ಎಲೆಗಿಂತ ಹೂವು ಹೆಚ್ಚು, ಹೂವಿಗಿಂತ ಜೇನು ಹೆಚ್ಚು.
ಮೈಯೆಲ್ಲ ಪರಾಗ ಮೆತ್ತಿಕೊಂಡ ಡೊಳ್ಳುಹೊಟ್ಟೆಯ ದುಂಬಿಯೊಂದು
ಹೂವೊಳಗೆ ತಲೆ ತೂರಿಸಿ
ಹಿಂದಕ್ಕೆ ಬರಲಾರದೆ ಕಾಲು ಬಡಿಯುತ್ತಿತ್ತು.

"ಇವತ್ತು ಒಂದೇ ಡ್ರಮ್ಮು," ಎಂದಳು.
"ಗಾಳಿಗೆ ಪಸೆ ಬಂದಿದೆ. ಇವಕ್ಕೆ ನಮಗಿಂತ ಮೊದಲೇ ಗೊತ್ತು."

ಮಳೆ ಬಂದರೆ ನನ್ನ ಲಾರಿಯ ಕಂತು?
ಕೇಳಲಿಲ್ಲ.
ಎಂಜಿನ್ನು ಆರಿಸಿದೆ.
ಆಮೇಲೂ ಬೇಲಿಯ ಕಡೆ
ಇನ್ನೊಂದು ಎಂಜಿನ್ನು ಓಡುತ್ತಲೇ ಇತ್ತು.