ಏಳನೇ ಹೊಲದ ಕಲ್ಲು

ಮೊದಲ ಆವೃತ್ತಿಯಲ್ಲಿ ಇದ್ದದ್ದಿಷ್ಟೇ:
ಮೂರು ಟ್ರ್ಯಾಕ್ಟರು, ಗೋಧಿ, ಒಂದೇ ಆಕಾಶ.
ಮನುಷ್ಯರನ್ನು ಬಿಡಿಸಲು ನಮಗೆ ಪುರುಸೊತ್ತಾಗಲಿಲ್ಲ.
ಮನೆಗಳಿಗೆ ಬಾಗಿಲಿತ್ತು, ತೆರೆಯುತ್ತಿರಲಿಲ್ಲ.
ಬಿತ್ತಿ ಕಾಫಿ ಕುಡಿದು ಬಂದರೆ ತೆನೆ.
ಜ್ಯೂರಿಕ್‌ನ ಹೊರವಲಯ, ಬೇಕರಿಯ ಮೇಲಿನ ಬಾಡಿಗೆ ಕೋಣೆ,
ಐದು ಜನ; ನಸುಕಿಗೆ ಒಲೆ ಹೊತ್ತಿದರೆ
ನಮ್ಮ ಅಂಗಾಲು ಬೆಚ್ಚಗಾಗುತ್ತಿತ್ತು.

ಮಣ್ಣು ನನ್ನ ಪಾಲಿನ ಕೆಲಸ.
ಉತ್ತ ಮಣ್ಣು, ಉಳದ ಮಣ್ಣು, ಕೊಯ್ಲು ಮುಗಿದ ಕೂಳೆ:
ಮೂರು ಚೌಕ. ಅವನ್ನೇ ಹಾಸುತ್ತ ಹೋದೆ
ಬೆಟ್ಟದ ಬುಡ ಮುಟ್ಟುವ ತನಕ.

ತುರ್ಗಾವ್‌ನ ಹೈರಿ ಮಾವನಿಗೆ ಡಿಸ್ಕು ಒಯ್ದು ಕೊಟ್ಟೆ.
ಮೌಸನ್ನು ಕೋಳಿಮರಿಯಂತೆ ಅಂಗೈಯಲ್ಲಿಟ್ಟುಕೊಂಡು
ಇಡೀ ಹೊಲ ಉತ್ತ, ಒಂದು ಮಾತಿಲ್ಲ.
ಆಮೇಲೆ ಕನ್ನಡಕ ತೆಗೆದು,
‘ವ್ರೆನಿ, ಕಲ್ಲೆಲ್ಲಿ?’

ಮಾರ್ಚಿಯಲ್ಲಿ ಹಿಮ ಸಡಿಲವಾದಾಗ
‘ಹೊಲ ಹೆತ್ತಿದೆ, ಬನ್ರೋ’ ಎಂದು ಕೂಗುತ್ತಿದ್ದವನು ಇವನೇ.
ಹಿಂದಿನ ವರ್ಷ ಆಯ್ದ ಜಾಗದಲ್ಲೇ ಮತ್ತೆ
ನೆಲದಿಂದ ಬೋಳುತಲೆಗಳು.
ತಗಡಿನ ಬಕೆಟ್ಟಿಗೆ ಇಪ್ಪತ್ತು ರಾಪ್ಪನ್ ಕೂಲಿ.
ನಾನು ತಳಕ್ಕೆ ಹುಲ್ಲು ತುರುಕಿ ಮೋಸ ಮಾಡುತ್ತಿದ್ದೆ,
ಅವನು ನೋಡಿಯೂ ಎಣಿಸಿ ಕೊಡುತ್ತಿದ್ದ.

ಮರುವರ್ಷ ವಿಸ್ತೃತ ಆವೃತ್ತಿ.
ಆಲೂಗಡ್ಡೆ ಬಂತು, ಅದನ್ನು ಅಗೆಯುವ ಯಂತ್ರ ಬಂತು,
ನದಿಯಾಚೆ ಇನ್ನಷ್ಟು ಹೊಲ, ಡಬ್ಬಿಗೆ ಬಂಗಾರದ ಅಂಚು.
ನನ್ನ ಪಟ್ಟಿಯಲ್ಲಿ ನಲವತ್ತೊಂದನೆಯದು: ಕಲ್ಲು.
ಜರ್ಮನಿಯಿಂದ ಬಂದಿದ್ದ ಡೆಟ್ಲೆಫ್ ಮರ್ಯಾದೆಯಿಂದಲೇ ಕೇಳಿದ,
‘ಕಲ್ಲು ಆಯಲು ದುಡ್ಡು ಕೊಟ್ಟು ಕೊಳ್ಳುವವರು ಯಾರು?’
ಎಲ್ಲರೂ ನಕ್ಕರು. ನಾನೂ.

ಡಿಸ್ಕು ಅಚ್ಚಿಗೆ ಹೋಗುವ ಹಿಂದಿನ ರಾತ್ರಿ
ಒಂದೇ ಒಂದು ಇಟ್ಟೆ,
ಏಳನೇ ಹೊಲದ ಮೂಲೆ, ಕಾಡಿಗೆ ತಾಗಿ.
ಭಾರವಿಲ್ಲ ಅದಕ್ಕೆ, ಬರಿಯ ಬಣ್ಣ;
ಚಕ್ರ ಹೊಗೆ ಹೊಕ್ಕಂತೆ ಹೊಕ್ಕು ಆಚೆ ಬರುತ್ತದೆ.
ಯಾರೂ ಕಂಡಂತಿಲ್ಲ. ಒಂದು ದೂರೂ ಬರಲಿಲ್ಲ.

ಕ್ರಿಸ್‌ಮಸ್‌ಗೆ ಹೋದಾಗ ಮಾವ ಪರದೆಯ ಮುಂದೆ,
ಆಲೂಗಡ್ಡೆ ಅಗೆಯುತ್ತಿದ್ದ.
ಏಳನೇ ಹೊಲ, ಮೂಲೆ ಹತ್ತಿರವಾಯಿತು.
ವೇಗ ತಗ್ಗಿಸಿದ.
ಯಂತ್ರ ಎತ್ತಿ ಸುತ್ತು ಹಾಕಿ ಹೋದ;
ಎರಡು ಮಾರು ಸಾಲು
ಅಗೆಯದೆ ಹಸಿರಾಗಿ ಉಳಿಯಿತು.

‘ಮಾವ, ಅದು ತಾಗುವುದಿಲ್ಲ, ಮೇಲೇ ಹೋಗಬಹುದು.’
‘ಗೊತ್ತು,’ ಅಂದ.
‘ಹಿಂದೆ ನೋಡೋಕೆ ಯಾವ ಗುಂಡಿ?’